ಸೋಮವಾರ ಬರ್ರಿ

ಫ್ಯಾನಿನ ಒಂದು ರೆಕ್ಕೆ ಸೊಟ್ಟಗಿದೆ, ಸುತ್ತು ಸುತ್ತಿಗೂ ಟಕ್ ಎನ್ನುತ್ತದೆ, ಆ ಟಕ್ಕಿಗೆ ಸರಿಯಾಗಿ ಬಾಗಿಲಾಚೆಯ ಮುದುಕನ ಕಣ್ಣು ಮಿಟುಕುತ್ತದೆ — ಮಿಟುಕಲಿ, ಎಂದುಕೊಂಡಳು ಸಾವಂತ್ರಮ್ಮ, ಬೆಳಿಗ್ಗೆ ಎಂಟಕ್ಕೆ ಬಂದು ಕೂತವನು, ಈಗ ಮೂರಾಯಿತು, ಸಂಜೆ ಐದರವರೆಗೂ ಕೂರಲಿ, ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಆ ಸಿಮೆಂಟು ಬೆಂಚು ರೊಟ್ಟಿ ಹಂಚಿನ ಹಾಗೆ ಕಾದಿದೆ, ಕುಂಡೆ ಸುಡಲಿ, ಗಂಟಲು ಒಣಗಲಿ, ನಿನ್ನೆ ಮಧ್ಯಾಹ್ನದಿಂದ ಹೊಟ್ಟೆಗೆ ತುತ್ತು ಅನ್ನವಿಲ್ಲ, ಬಾಯಿಗೆ ತೊಟ್ಟು ನೀರಿಲ್ಲ ಎಂದು ಅವನೇ ಹೇಳಿದ್ದು, ಯಾರೂ ಕಟ್ಟಿಹಾಕಿ ಉಪವಾಸ ಕೆಡವಿಲ್ಲ. ಇಷ್ಟಲಿಂಗ ಕಳೆದುಕೊಂಡವರು ಅದು ಸಿಗುವ ತನಕ ನೀರು ಮುಟ್ಟುವುದಿಲ್ಲ, ಕುರುಗೋಡಿನ ಹಳೇ ತಲೆಗಳಿಗೆ ಅದು ಹಟವಲ್ಲ, ಉಸಿರಾಡಿದಷ್ಟೇ ಸಹಜ, ಬೇರೆ ಜನದವಳಾದ ಅವಳಿಗೂ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವನ ಲಿಂಗ ಅವಳ ಬೆನ್ನ ಹಿಂದಿನ ಕಬ್ಬಿಣದ ಬೀರುವಿನಲ್ಲಿದೆ. ಬೀರುವಿನ ಕೀಲಿಕೈ ಅವಳ ಸೊಂಟದಲ್ಲಿದೆ, ನೆರಿಗೆಯೊಳಗೆ, ಬಗ್ಗಿದಾಗಲೆಲ್ಲ ಹೊಟ್ಟೆಗೆ ಒತ್ತುತ್ತದೆ. ಬೆಳಿಗ್ಗೆ ಅವನಿಗೆ ಅವಳು ಹೇಳಿದ್ದು ಇಷ್ಟೇ, ಕೀಲಿಕೈ ಸಾಹೇಬ್ರ ಹತ್ರ ಐತ್ರಿ, ಅವ್ರು ರಜಾ ಅದಾರ, ಸೋಮವಾರ ಬರ್ರಿ. ಇವತ್ತು ಶನಿವಾರ. ಎಪ್ಪತ್ತೆರಡರ ದೇಹ ಸೋಮವಾರದವರೆಗೆ ನೀರಿಲ್ಲದೆ ಈ ಬಿಸಿಲಿನಲ್ಲಿ ಏನಾದೀತು ಎಂದು ತಿಳಿಯಲು ಡಾಕ್ಟರನ್ನು ಕೇಳಬೇಕಾಗಿಲ್ಲ. ಮುದುಕನ ಕೈ ಮತ್ತೆ ಎದೆಗೆ ಹೋಯಿತು, ಅಂಗಿಯ ಮೇಲಿಂದ ಬೆರಳುಗಳು ಅಲ್ಲಿ ಇಲ್ಲಿ ತಡಕಿದವು, ಏನೂ ಸಿಗದೆ ಕೈ ತೊಡೆಯ ಮೇಲೆ ಬಿತ್ತು. ಅವಳು ನೋಡಿದಳು, ಚೆನ್ನಾಗಿ ನೋಡಿದಳು, ನೋಡಿ ರಿಜಿಸ್ಟರಿನ ಹಾಳೆ ತಿರುವಿದಳು.

ಈ ಕೋಣೆಗೆ ಬೋರ್ಡಿನ ಮೇಲೆ ಏನೋ ದೊಡ್ಡ ಹೆಸರಿದೆ, ಡ್ರೈವರು ಕಂಡಕ್ಟರುಗಳ ಬಾಯಲ್ಲಿ ಮಾತ್ರ ಇದು ಮರವಿನ ಮನಿ, ಜನ ಬಸ್ಸಿನಲ್ಲಿ ಮರೆತು ಬಿಟ್ಟುಹೋದದ್ದೆಲ್ಲ ಬಂದು ಬೀಳುವ ಮನೆ, ಹದಿನೈದು ವರ್ಷದಿಂದ ಅವಳು ಇದರ ಯಜಮಾನಿ. ಕೊಡೆ, ಊಟದ ಡಬ್ಬಿ, ಹೆಲ್ಮೆಟ್ಟು, ಊರುಗೋಲು — ಊರುಗೋಲು ಮರೆತು ಇಳಿದವರು ಮನೆಯ ತನಕ ಹೇಗೆ ನಡೆದರೋ ಅವಳಿಗೆ ಇವತ್ತಿಗೂ ಗೊತ್ತಾಗಿಲ್ಲ — ದೊಡ್ಡಾಸ್ಪತ್ರೆಯ ಎಕ್ಸ್‌ರೇ ಲಕೋಟೆಗಳು, ಯಾರದೋ ಎದೆಗೂಡು, ಯಾರದೋ ಮೊಣಕಾಲು, ಜೀನ್ಸ್ ಪ್ಯಾಂಟಿಗೆ ಹೊಡೆಯುವ ಗುಂಡಿಗಳ ಚೀಲ, ಹಲ್ಲಿನ ಸೆಟ್ಟು, ಒಂಟಿ ಚಪ್ಪಲಿ. ಕೆಡುವ ಮಾಲಾದರೆ ಅವತ್ತೇ ಸಂಜೆ ಅಂಗಳದಲ್ಲಿ ಕೂಗಿ ಮಾರುವುದು, ಹಸಿಮೆಣಸಿನಕಾಯಿ, ಟೊಮ್ಯಾಟೊ, ಒಮ್ಮೆ ಒಂದು ಬುಟ್ಟಿ ಮೀನು ಬಂದು ಮೂರು ದಿನ ಕೋಣೆಯೆಲ್ಲ ನಾತ. ಕೆಡದ ಮಾಲಿಗೆ ಚೀಟಿ ಕಟ್ಟಿ ಇಡುವುದು, ಆರು ತಿಂಗಳು ಕಾಯುವುದು, ಆಮೇಲೆ ಹರಾಜು. ಮೊದಲ ದಿನ ಜೀವ ಹೋದವರ ಹಾಗೆ ಓಡಿ ಬರುತ್ತಾರೆ, ಆದೋನಿ ಕಡೆಯವರು ಅಮ್ಮಾ ನಾ ಸಂಚಿ ಚೂಶಾರಾ ಎಂದು ತೆಲುಗಿನಲ್ಲೇ ತಮ್ಮ ಚೀಲ ಕೇಳಿ ಅಳು ತೆಗೆಯುತ್ತಾರೆ, ವಾರ ಕಳೆದರೆ ಯಾರೂ ಈ ಕಡೆ ತಲೆ ಹಾಕುವುದಿಲ್ಲ, ಎಂಥ ಸಾಮಾನೂ ಇಲ್ಲದೆ ಬದುಕುವುದು ಜನಕ್ಕೆ ವಾರದಲ್ಲೇ ರೂಢಿಯಾಗಿಬಿಡುತ್ತದೆ. ಅವಳು ಇವತ್ತಿನ ತನಕ ಯಾರನ್ನೂ ಸತಾಯಿಸಿದವಳಲ್ಲ, ಗುರುತು ಹೇಳಿದರೆ ಸಾಕು, ಎತ್ತಿ ಕೊಡುತ್ತಾಳೆ. ಸಾವಂತ್ರಕ್ಕನ ಕೈಗೆ ಹೋದ ಗಂಟು ಹೋದ ಹಾಗೇ ವಾಪಸು ಬರುತ್ತದೆ ಎಂದು ಸ್ಟ್ಯಾಂಡಿನಲ್ಲೆಲ್ಲ ಹೆಸರು. ಮೇಲಿಂದ ನೋಡಿ ಬರೆದುಕೊಳ್ಳುತ್ತಾಳೆಯೇ ಹೊರತು ಒಳಗೆ ಕೈ ಹಾಕುವುದಿಲ್ಲ, ಯಾಕೆ ಹಾಕುವುದಿಲ್ಲ ಎಂಬುದು ಬೇರೆ ಮಾತು, ಆ ಮಾತು ಈಗ ಬೇಡ.

ನಿನ್ನೆ ಸಂಜೆ ಕಂಡಕ್ಟರ್ ಅಂಜಿನಪ್ಪ ತಂದು ಮೇಜಿನ ಮೇಲೆ ಕುಕ್ಕಿದ್ದು ಒಂದು ಖಾಕಿ ಕೈಚೀಲ, ಸಿರುಗುಪ್ಪದಿಂದ ಕುರುಗೋಡಿನ ಮೇಲೆ ಬರೋ ಗಾಡ್ಯಾಗ ಸಿಕ್ಕತಕ್ಕ, ಯಾರೋ ಅಜ್ಜ ಕುರುಗೋಡಾಗ ಇಳದಾನ, ಚೀಲ ಬಿಟ್ಟಾನ, ಬರಕೋ. ಬರೆದುಕೊಳ್ಳಲು ಬಾಯಿ ಅಗಲಿಸಿ ನೋಡಿದಳು — ಟವೆಲ್ಲು, ಬಿಪಿ ಗುಳಿಗೆ, ನಾಲ್ಕು ಪೇರಲಹಣ್ಣು, ವಿಭೂತಿ ಗಟ್ಟಿ, ಕೆಂಪು ವಸ್ತ್ರದ ಗಂಟು, ಸಂದಿಯಲ್ಲಿ ಇಣುಕುವ ಬೆಳ್ಳಿಯ ಕರಡಿಗೆ, ಲಿಂಗವನ್ನಿಟ್ಟು ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಭರಣಿ ಅದು, ಅದರ ಹರಿದ ದಾರದ ಎರಡು ತುದಿ ಗಂಟಿನಿಂದ ಹೊರಗೆ ಜೋತಿದ್ದವು, ದಾರ ಹರಿಯಿತೆಂದು ತೆಗೆದು ಚೀಲದಲ್ಲಿಟ್ಟುಕೊಂಡಿದ್ದಾನೆ ಪುಣ್ಯಾತ್ಮ, ಎದೆಯ ಮೇಲಿದ್ದಿದ್ದರೆ ಮರೆಯುತ್ತಿರಲಿಲ್ಲ, ಕೈಚೀಲದ ಪಾಲಾದದ್ದಕ್ಕೆ ಮರೆತ — ಅದರ ಪಕ್ಕಕ್ಕೆ ನಿವೃತ್ತ ನೌಕರರ ಪಾಸು, ಪಾಸಿನ ಮೇಲೆ ಫೋಟೋ. ತಿಪ್ಪೇರುದ್ರಪ್ಪ, ನಿವೃತ್ತ ಕಂಟ್ರೋಲರ್. ಕೂದಲು ಬೆಳ್ಳಗಾಗಿದೆ, ಗಲ್ಲ ಜೋತಿದೆ, ಹಣೆಯ ಮೂರು ಬೆರಳಿನ ವಿಭೂತಿ ಹಾಗೇ ಇದೆ, ಎದುರಿಗಿದ್ದವರನ್ನು ಅಳೆಯುವ ಆ ನೋಟ ಹಾಗೇ ಇದೆ. ಬಹಳ ವರ್ಷದ ಮೇಲೆ ಅವಳಿಗೆ ಹೊಟ್ಟೆ ತುಂಬ ಉಂಡ ಹಾಗಾಯಿತು. ಚೀಲವನ್ನು ಬೀರುವಿನಲ್ಲಿಟ್ಟಳು, ಪಾಸನ್ನು ಮಾತ್ರ ತೆಗೆದು ತನ್ನ ಪರ್ಸಿಗೆ ಹಾಕಿಕೊಂಡಳು, ಗುರುತು ಹೇಳಲು ಅವನಿಗೆ ಏನೂ ಉಳಿಯಬಾರದು, ಸತ್ಯನಾರಾಯಣಪೇಟೆಯ ಬಾಡಿಗೆ ಕೋಣೆಗೆ ಹೋದವಳೇ ಅದನ್ನು ಗೋಡೆಯ ಮೇಲಿನ ಗಂಡ ಪಂಪಣ್ಣನ ಫೋಟೋ ಎದುರಿಗೆ ಹಿಡಿದಳು, ನೋಡು, ಸಿಕ್ಕಾನ. ಫೋಟೋದಲ್ಲಿ ಪಂಪಣ್ಣ ಎಂದಿನ ಹಾಗೆ ನಗುತ್ತಿದ್ದ.

ಹದಿನಾರು ವರ್ಷದ ಹಿಂದೆ ಈ ತಿಪ್ಪೇರುದ್ರಪ್ಪ ಸಿರುಗುಪ್ಪದ ಸ್ಟ್ಯಾಂಡಿನಲ್ಲಿ ಕಂಟ್ರೋಲರ್, ಪಂಪಣ್ಣ ಕೆಂಚನಗುಡ್ಡದ ಹಾಲ್ಟಿಂಗ್ ಗಾಡಿಯ ಕಂಡಕ್ಟರ್. ಸಂಜೆಯ ಕೊನೆಯ ಗಾಡಿ ಊರಿಗೆ ಬಂದು ಅಲ್ಲೇ ನಿಂತು ಬೆಳಿಗ್ಗೆ ಮೊದಲ ಗಾಡಿಯಾಗಿ ಹೊರಡುತ್ತಿತ್ತು, ಮನೆ ಅದೇ ಊರಿನಲ್ಲಿ, ಹೊಳೆಯ ದಂಡೆಗೆ, ಎಂಥ ಸುಖದ ಡ್ಯೂಟಿ, ಗಂಡ ದಿನಾ ಮನೆಗೆ ಬರುತ್ತಾನೆ ಎಂದು ಓಣಿಯ ಹೆಂಗಸರಿಗೆ ಹೊಟ್ಟೆಕಿಚ್ಚು. ಒಂದು ಗುರುವಾರ ಸೀಟಿನ ಕೆಳಗೆ ಗಂಟು ಸಿಕ್ಕಿತು, ಒಳಗೆ ಹೊಸ ಸೀರೆ. ಸಿಕ್ಕದ್ದನ್ನು ಸ್ಟ್ಯಾಂಡಿಗೆ ಒಪ್ಪಿಸಬೇಕು, ಸ್ಟ್ಯಾಂಡಿರುವುದು ಸಿರುಗುಪ್ಪದಲ್ಲಿ, ಬಸ್ಸಿನ ಬಾಗಿಲಿಗೆ ಬೀಗವಿಲ್ಲ, ಹಾಲ್ಟಿಂಗ್ ಗಾಡಿಯವರೆಲ್ಲ ಮಾಡುವ ಹಾಗೆ ಪಂಪಣ್ಣ ಅದನ್ನು ಮನೆಗೆ ತಂದಿಟ್ಟುಕೊಂಡ, ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಒಯ್ದು ಒಪ್ಪಿಸಿದ. ಒಪ್ಪಿಸಿದವನೇ ಕಳ್ಳನಾದ. ಸೀರೆಯ ಯಜಮಾನ ಮಗಳ ಧಾರೆಗೆಂದು ಕೊಂಡದ್ದಂತೆ, ಸ್ಟ್ಯಾಂಡಿನಲ್ಲೇ ಕಾದು ನಿಂತಿದ್ದನಂತೆ, ಬಿಚ್ಚಿ ನೋಡಿದರೆ ಮಡಿಕೆ ಮುರಿದಿತ್ತಂತೆ — ಅಷ್ಟೇ, ಮಡಿಕೆ ಮುರಿದಿತ್ತು, ಇಸ್ತ್ರಿ ಎಳೆದರೆ ಕೂರುವ ಮಡಿಕೆ — ಅದಕ್ಕೆ ಈ ಮನುಷ್ಯ ಕಿವಿಯ ಮೇಲಿನ ಪೆನ್ನು ತೆಗೆದು ಬರೆದ, ನಿರ್ವಾಹಕನು ಪ್ರಯಾಣಿಕರ ವಸ್ತುವನ್ನು ಮನೆಗೊಯ್ದು ಸ್ವಂತಕ್ಕೆ ಬಳಸಿರುತ್ತಾನೆ. ಬರೆದು ಮುಗಿಸಿ, ನಿಂತ ಜನರ ಎದುರಿಗೆ, ಪಂಪಣ್ಣನ ಎದೆಯ ಹಿತ್ತಾಳೆ ಬಿಲ್ಲೆಯನ್ನು ತಾನೇ ಕೈಯಾರೆ ಬಿಚ್ಚಿಕೊಂಡ. ಡ್ರೈವರ್ ಎರ್ರಣ್ಣ ಮನೆಗೆ ಬಂದು ಹೇಳಿದ್ದು ಇದು, ಪಿನ್ನು ಅಂಗಿಗೆ ಸಿಕ್ಕತ್ತವಾ, ಅಂಗಿ ಹರಕಂಡ ಬಂತು. ಆ ಹರಿದ ತೂತನ್ನು ಅವಳೇ ಹೊಲಿದಳು. ಹೊಲಿದರೂ ಪಂಪಣ್ಣನ ಕೈ ಅಲ್ಲಿಗೇ ಹೋಗುತ್ತಿತ್ತು, ಉಣ್ಣುವಾಗ, ಕಟ್ಟೆಯ ಮೇಲೆ ಸುಮ್ಮನೆ ಕೂತಾಗ, ಅವಳು ಎದುರಿಗೆ ಬಂದಾಗ, ಕೈ ಎದೆಗೆ, ಬಿಲ್ಲೆ ಇದ್ದ ಜಾಗಕ್ಕೆ. ಈಗ ಈ ಮುದುಕನ ಕೈ ಹೋಗಲಿ. ಇವನ ಎದೆಯೂ ಬರಿದಾಗಲಿ, ಇವನೂ ಹುಡುಕಲಿ.

ಯವ್ವಾ, ಎನ್ನುತ್ತಿದ್ದಾನೆ ಬಾಗಿಲಿಂದ, ದನಿ ಬಿರಿದಿದೆ, ಪಾಸು ಅದರಾಗ ಐತವಾ, ನನ್ನ ಫೋಟೋ ಐತಿ, ಬಿಚ್ಚಿ ನೋಡಿದ್ರ ಗೊತ್ತಾಕ್ಕತಿ. ಕೀಲಿಕೈ ಇಲ್ಲ ಅಂದೆನಲ್ರಿ ಎಂದಳು, ತಲೆ ಎತ್ತದೆ. ಪಾಸು ಪರ್ಸಿನಲ್ಲಿದೆ, ಪರ್ಸು ಮೇಜಿನ ಮೇಲಿದೆ, ಅವನ ಮುಖ ಅವನಿಂದ ನಾಲ್ಕು ಮೊಳ ದೂರದಲ್ಲಿದೆ. ಮಧ್ಯಾಹ್ನ ಚಹಾದವನು ಬಂದಾಗ ಅವಳು ಬೇಕೆಂದೇ ಬಾಗಿಲ ಎದುರು ನಿಂತು ಕುಡಿದಳು, ಆಮೇಲೆ ಮಡಕೆಯಿಂದ ತಣ್ಣೀರು ತುಂಬಿಕೊಂಡು ತಲೆ ಹಿಂದಕ್ಕೆ ಮಾಡಿ ಗಟಗಟ ಇಳಿಸಿದಳು, ಸ್ವಲ್ಪ ಕೊರಳ ಮೇಲೆ ಚೆಲ್ಲಿಕೊಂಡಳು. ಮುದುಕ ಆಸೆಯಿಂದ ನೋಡಿದ್ದರೆ ಅವಳಿಗೆ ಖುಷಿಯಾಗುತ್ತಿತ್ತು, ಅವನು ನೋಡಲೇ ಇಲ್ಲ, ನೋಡದೆ ಇದ್ದದ್ದಕ್ಕೆ ಇನ್ನೂ ಉರಿ ಹತ್ತಿತು. ನಡುವೆ ಅವನಿಗೆ ಫೋನು ಬಂತು, ಹೆಂಡತಿ ಕೊಟ್ರಬಸಮ್ಮ, ಫೋನು ಕಿವಿ ಕೇಳದವರದು, ಆ ಕಡೆಯ ಮಾತೂ ಕೋಣೆಯ ತನಕ ಕೇಳುತ್ತದೆ, ಸಿಕ್ಕತೇನ್ರಿ ಎಂದಳು ಆಕೆ, ಇನ್ನ ಇಲ್ಲ ಎಂದ ಇವನು, ನೀ ಆದ್ರೂ ಒಂದು ಗುಟುಕು ನೀರು ಕುಡಿ ಎಂದ, ನೀವು ಕುಡೀದ ನಾ ಹೆಂಗ ಕುಡೀಲಿ ಎಂದಳು. ಅಂದರೆ ಕುರುಗೋಡಿನಲ್ಲಿ ಇನ್ನೊಂದು ಗಂಟಲೂ ಒಣಗುತ್ತಿದೆ. ಒಣಗಲಿ. ಆಕೆಗೆ ಗಂಡ ಇದ್ದಾನೆ, ಗಂಡನಿಗಾಗಿ ಉಪವಾಸ ಕೂರುವ ಭಾಗ್ಯವಾದರೂ ಇದೆ. ಹಾಗೆಂದುಕೊಂಡಳು, ಆದರೂ ಕೊಟ್ರಬಸಮ್ಮನ ಹೆಸರಿಗೆ ಮನಸ್ಸು ಸ್ವಲ್ಪ ಹಿಂಜರಿಯಿತು.

ಯಾಕೆಂದರೆ ಆಕೆಯ ಕೈಯಿಂದ ಒಮ್ಮೆ ನೀರು ಕುಡಿದದ್ದಿದೆ. ಬಿಲ್ಲೆ ಹೋದ ಮೂರನೆಯ ದಿನ, ಆದಿತ್ಯವಾರ, ಯಾರಿಗೂ ಹೇಳದೆ ಅವಳು ಕುರುಗೋಡಿಗೆ ಹೋಗಿದ್ದಳು, ಬಸವೇಶ್ವರ ಗುಡಿಯ ಹಿಂದಿನ ಓಣಿ, ಇವನ ಕಲ್ಲಿನ ಮನೆ, ಬಾಗಿಲಲ್ಲಿ ನಿಂತಳು. ಪೂಜಿಗೆ ಕುಂತಾರ, ಕುಂದ್ರವಾ ಎಂದು ಕೊಟ್ರಬಸಮ್ಮ ಚೆಂಬು ತಂದುಕೊಟ್ಟಳು. ಬಾಗಿಲ ಸಂದಿಯಿಂದ ಕಂಡ, ಕಂಬಳಿಯ ಮೇಲೆ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತಿದ್ದ, ಬೇರೆಯವರ ಅನ್ನ ಕಿತ್ತು ಮೂರು ದಿನವಾಗಿಲ್ಲ, ಏನು ಶಾಂತಿ ಆ ಮುಖದಲ್ಲಿ. ಒಂದು ಗಂಟೆಯ ಮೇಲೆ ಎದ್ದು ಬಂದ, ಅವಳು ಕಾಲಿಗೆ ಬಿದ್ದಳು, ಕಾಲು ಹಿಂದೆ ತೆಗೆದುಕೊಂಡ, ಮನ್ಯಾಗ ಆಫೀಸಿನ ಮಾತು ಬ್ಯಾಡವಾ, ಸೋಮವಾರ ಸ್ಟ್ಯಾಂಡಿಗೆ ಬರ್ರಿ. ಸೋಮವಾರ ಹೋದರೆ ಕಾಗದ ಬೆಳಿಗ್ಗೆಯೇ ಮೇಲಿನವರಿಗೆ ಹೋಗಿಬಿಟ್ಟಿತ್ತು. ಏಳು ತಿಂಗಳು ಸಸ್ಪೆಂಡು, ವಿಚಾರಣೆ ಇವತ್ತು ನಾಳೆ ಎನ್ನುತ್ತಾ ಉಳಿಯಿತು, ಪಂಪಣ್ಣ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರಲು ಹೋದ, ಟಿಕೆಟ್ ಹರಿಯುವ ಬೆರಳು ಮೂಟೆಗೆ ಏನು ಬಗ್ಗೀತು, ಒಂದು ಮಧ್ಯಾಹ್ನ ಲಾರಿಗೆ ಒರಗಿ ಕೂತವನು ಏಳಲಿಲ್ಲ. ಹಮಾಲರು ಹೊತ್ತು ತಂದು ಮಲಗಿಸಿದಾಗಲೂ ಕೈ ಎದೆಯ ಮೇಲೇ ಇತ್ತು. ವಿಚಾರಣೆ ಮುಗಿಯದೆ ಸತ್ತದ್ದರಿಂದ ಕಳ್ಳ ಎಂದು ತೀರ್ಮಾನವಾಗಲಿಲ್ಲ, ಅಲ್ಲ ಎಂದೂ ಆಗಲಿಲ್ಲ, ಅವಳಿಗೆ ಅನುಕಂಪದ ನೌಕರಿ ಸಿಕ್ಕಿತು, ಅದೂ ಈ ಕೋಣೆಯಲ್ಲಿ, ಬೇರೆಯವರು ಬಿಟ್ಟುಹೋದ ಗಂಟುಗಳ ಕಾವಲಿಗೆ. ಯಾರು ಯೋಚನೆ ಮಾಡಿ ಹಾಕಿದರೋ ಕಾಣೆ. ಸೋಮವಾರ ಬರ್ರಿ ಎಂಬ ಎರಡು ಮಾತನ್ನು ಅವಳು ಹದಿನಾರು ವರ್ಷ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದಳು, ಇವತ್ತು ಬೆಳಿಗ್ಗೆ ಅವನ ಮುಖಕ್ಕೇ ಉಗುಳಿದಳು.

ಮಡಿಕೆ ಮುರಿದಿತ್ತು, ಅಷ್ಟೇ. ಅಷ್ಟಕ್ಕೆ ಒಂದು ಜೀವ — ಮಡಿಕೆ ತಾನಾಗಿ ಮುರಿಯುವುದಿಲ್ಲ, ಅದು ಅವಳಿಗೂ ಗೊತ್ತು, ಈ ಮಾತು ಬೇಡ ಎಂದರೂ ಬರುತ್ತದೆ, ಬಿಸಿಲು ಇಳಿಯುವ ಈ ಹೊತ್ತಿಗೇ ಬರುತ್ತದೆ, ಗಂಟು ಮನೆಗೆ ಬಂದ ಮರುದಿನ, ಶುಕ್ರವಾರದ ಬೆಳಗು, ಪಂಪಣ್ಣ ಹೊಳೆಗೆ ಸ್ನಾನಕ್ಕೆ ಹೋಗಿದ್ದಾನೆ, ಅವಳು ಹೊಸ್ತಿಲಿಗೆ ಅರಿಶಿನ ಹಚ್ಚಿ ಒಳಗೆ ಬಂದಿದ್ದಾಳೆ, ಗಂಟಿನ ಬಾಯಿಂದ ಅಂಚು ಕಾಣುತ್ತಿದೆ, ಹಸಿರು, ಜರಿಯ ಕೆಂಪು ಸೆರಗು. ನೋಡಿ ಇಡುತ್ತೇನೆ ಎಂದುಕೊಂಡಳು. ನೋಡಿದಳು. ಮೈಮೇಲೆ ಇಟ್ಟುಕೊಂಡು ನೋಡುತ್ತೇನೆ ಎಂದುಕೊಂಡಳು, ಇಟ್ಟುಕೊಂಡಳು. ಅವಳ ಮದುವೆ ಗುಡಿಯಲ್ಲಿ ಆದದ್ದು, ಧಾರೆ ಸೀರೆ ಎಂಬುದು ಇರಲೇ ಇಲ್ಲ, ಅಕ್ಕನ ಹಳೆಯ ಸೀರೆ ಉಟ್ಟು ಅಕ್ಷತೆ ಹಾಕಿಸಿಕೊಂಡವಳು, ಒಂದು ಸುತ್ತು ಉಟ್ಟರೆ ಯಾರಿಗೇನು ನಷ್ಟ, ಉಟ್ಟಳು, ಗೋಡೆಯ ಕನ್ನಡಿಯಲ್ಲಿ ಒಂದು ಸಲಕ್ಕೆ ಒಂದು ಭುಜ ಮಾತ್ರ ಕಾಣುತ್ತದೆ, ಒಂದು ಭುಜ ನೋಡಿದಳು, ಇನ್ನೊಂದು ನೋಡಿದಳು, ಸೆರಗು ಎತ್ತಿ ತಲೆಯ ಮೇಲೆ ಹೊದ್ದಳು, ಮೂವತ್ತರ ಹೆಂಗಸು ಮದುಮಗಳಾಗಿ ನಕ್ಕಳು. ಹೊರಗೆ ಕೊಡದ ಸದ್ದಾಯಿತು. ಬಿಚ್ಚಿ ಹೇಗೋ ಮಡಚಿ ತುರುಕಿದಳು. ಹೆಬ್ಬೆರಳಿಗೆ ಅರಿಶಿನವಿದ್ದದ್ದು ಅವನು ಗಂಟು ತೆಗೆದುಕೊಂಡು ಹೋದ ಮೇಲೆ ಕಂಡಿತು. ಮಧ್ಯಾಹ್ನ ಪಂಪಣ್ಣ ಬಿಲ್ಲೆ ಇಲ್ಲದ ಎದೆಯಲ್ಲಿ ಬಂದ, ಚಹಾ ಮಾಡು ಎಂದ, ಕುಡಿದ, ಏನೂ ಕೇಳಲಿಲ್ಲ. ಅವಳೂ ಏನೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಏಳು ತಿಂಗಳು ಒಂದೇ ಚಾಪೆಯ ಮೇಲೆ ಮಲಗಿ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ, ಆಮೇಲೆ ಹೇಳಲು ಯಾರೂ ಇರಲಿಲ್ಲ. ಒಂದು ಬೆರಳಿನ ಗುರುತು ಯಾರ ಕಣ್ಣಿಗೂ ಬಿದ್ದಿರಲಾರದು, ಈ ಮುದುಕನ ಪಾಪಿ ಪೆನ್ನು ಮಡಿಕೆಯನ್ನೇ ದೊಡ್ಡದು ಮಾಡಿತು ಎಂದು ಅವಳು ದಿನಾ ತನಗೆ ತಾನೇ ಹೇಳಿಕೊಂಡಳು, ಹೇಳಿಕೊಂಡು ಹೇಳಿಕೊಂಡು ಅದೇ ನಿಜವಾಯಿತು.

ಅಂಜಿನಪ್ಪ ಬಂದ, ಡ್ಯೂಟಿ ಮುಗಿಸಿ, ಬಾಗಿಲಲ್ಲಿ ಮುದುಕನನ್ನು ನೋಡಿ ನಿಂತ. ಯಾಕಕ್ಕ, ಈ ಅಜ್ಜಗ ಚೀಲ ಇನ್ನ ಕೊಟ್ಟಿಲ್ಲೇನು, ಎಂದ. ಕೀಲಿಕೈ ಇಲ್ಲ ಎಂದಳು, ಕಣ್ಣು ಸನ್ನೆ ಮಾಡಿದಳು, ದಡ್ಡನಿಗೆ ತಿಳಿಯಲಿಲ್ಲ, ಇಲ್ಲಂದ್ರ ಹೆಂಗ, ದಿನಾ ನಿನ್ನ ಸೊಂಟದಾಗ ಇರ್ತೈತಲ್ಲ ಎಂದು ನಗುತ್ತಾ ಹೇಳಿ ಚಹಾ ಕುಡಿಯಲು ಹೋದ. ಫ್ಯಾನು ಟಕ್ ಎಂದಿತು. ಈಗ ಮುದುಕ ಕೂಗಾಡುತ್ತಾನೆ, ಜನ ಸೇರುತ್ತಾರೆ, ಸೇರಲಿ, ಅವಳೂ ಬಾಯಿ ಬಿಡುತ್ತಾಳೆ, ಹದಿನಾರು ವರ್ಷದ್ದನ್ನೆಲ್ಲ ಈ ಅಂಗಳದಲ್ಲಿ ಸುರಿಯುತ್ತಾಳೆ. ಮುದುಕ ಕೂಗಲಿಲ್ಲ. ಗೋಡೆ ಹಿಡಿದು ಎದ್ದ, ಒಮ್ಮೆ ತೂರಾಡಿದ, ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತ. ನೀನು ಕೆಂಚನಗುಡ್ಡದ ಪಂಪಣ್ಣನ ಮನಿಯಾಕಿ, ಎಂದ, ಬೆಳಿಗ್ಗೇನ ಗುರ್ತ ಹಿಡದೀನಿ. ಗುರ್ತ ಹಿಡದು ಯಾಕ ಕುಂತ್ರಿ, ನಿಮಗ ದೊಡ್ಡ ಮಂದಿ ಗೊತ್ತದಾರ, ಒಂದು ಫೋನ್ ಹಚ್ಚಿದ್ರ ಬೀಗ ಒಡಸ್ತಿದ್ರು, ಎಂದಳು. ಎಷ್ಟೊತ್ತು ಕುಂದ್ರಸ್ತಿ ನೋಡಾಣ ಅಂತ ಕುಂತೆ, ಎಂದ, ಅದೇ ಹಳೆಯ ಬಿಗುವಿನಲ್ಲಿ. ಆಗ ಅವಳು ಎದ್ದು ನಿಂತಳು, ಕುರ್ಚಿ ಹಿಂದಕ್ಕೆ ಬಿತ್ತು, ನನ್ನ ಗಂಡ ಕಳ್ಳ ಅಲ್ಲ ಎಂದಳು, ಈ ಮಾತನ್ನು ಹೀಗೆ ಹೇಳಬೇಕೆಂದಿರಲಿಲ್ಲ, ಕಿರುಚಬೇಕೆಂದಿದ್ದಳು, ಬಂದದ್ದು ಪಿಸುಮಾತು. ಅಲ್ಲಂತ ನನಗ ಅವತ್ತೇ ಗೊತ್ತಿತ್ತು, ಎಂದ ಮುದುಕ.

ಗೊತ್ತಿದ್ದೂ ಬರದ್ರಿ, ಎಂದಳು. ಬರದೆ, ಎಂದ. ಉಗುಳು ನುಂಗಲು ನೋಡಿದ, ನುಂಗಲು ಉಗುಳಿರಲಿಲ್ಲ, ತಡೆದು ತಡೆದು ಹೇಳಿದ, ಸೆರಗಿನ ಮ್ಯಾಲ ಅರಿಶಿನದ ಬೆರಳು ಇತ್ತವಾ. ಸಣ್ಣ ಬೆರಳು, ಗಂಡಸರದಲ್ಲ. ಧಾರಿ ಸೀರಿ, ಒಬ್ಬರು ಉಟ್ಟದ್ದು ಮದಿವಿಗೆ ಬರಾಂಗಿಲ್ಲ, ಆ ಹೆಣ್ಣಿನ ಅಪ್ಪ ಗೋಡಿಗೆ ತಲಿ ಬಡಕಂತಿದ್ದ, ಯಾರದಾರ ಒಂದು ಹೆಸರು ಬರೀಬೇಕಾಗಿತ್ತು. ನಾನು ಪಂಪಣ್ಣನ್ನ ಒಳಗ ಕರದು ಹೇಳಿದೆ, ಹೇಂತಿ ಉಟ್ಟಾಳ ಅಂತ ನೀ ಬರಕೊಡು, ದಂಡ ಕಟ್ಟಸ್ಕಂಡು ಬಿಡ್ತೀನಿ, ನೌಕರಿ ಉಳೀತೈತಿ. ಅಂವ ಒಲ್ಲೆ ಅಂದ. ಆಕಿ ಹೆಸರು ಕಾಗದದಾಗ ಬರಬಾರದು, ನಾನ ಬಿಚ್ಚೀನಿ ಅಂತ ಬರೀರಿ ಅಂದ. ನನಗ ಗೊತ್ತಾತಂತ ಆಕಿಗೆ ಗೊತ್ತಾಗಬಾರದು ಅಂದ. ಅಂವ ಹೇಳಿದಂಗ ಬರದೆ. ಮುದುಕ ಉಸಿರು ತೆಗೆದುಕೊಂಡ. ತಪ್ಪಾತು ಅಂತ ಕೈ ಮುಗಿಯಾಕ ಬಂದಿಲ್ಲ ನಾನು, ಎಂದ, ನನ್ನ ಲಿಂಗ ಒಯ್ಯಾಕ ಬಂದೀನಿ. ಅವನ ಕೈ ಎದೆಗೆ ಹೋಯಿತು, ಬೆರಳುಗಳು ಆಡಿದವು, ಗುಂಡಿಯ ಸಾಲಿನಲ್ಲಿ ಕೆಳಗೆ ಮೇಲೆ ಹುಡುಕಿದವು, ಕೈ ಬಿತ್ತು.

ಇವನನ್ನು ಕೊಲ್ಲಬೇಕು ಎಂಬ ಸಿಟ್ಟು ಇನ್ನೂ ಇದೆ, ಎಲ್ಲಿಗೂ ಹೋಗಿಲ್ಲ, ಸೋಮವಾರ ಬರ್ರಿ ಎಂದು ಇನ್ನೊಂದು ಸಲ ಹೇಳಿದರೆ ಇವನು ಇಲ್ಲೇ ಬೀಳುತ್ತಾನೆ, ಹೇಳಲು ನಾಲಿಗೆ ತಿರುಗಿತು — ಯಾರಿಗೆ ಹೇಳುವುದು, ಬರೆಯಲು ಒಂದು ಹೆಸರು ಬೇಕಾಗಿತ್ತು, ಆ ಹೆಸರು ಅವಳದು, ಈ ಮುದುಕನ ಬಾಯಲ್ಲಿ ಹದಿನಾರು ವರ್ಷ ಇತ್ತು, ಅವನು ಯಾರಿಗೂ ಬಿಟ್ಟುಕೊಟ್ಟಿಲ್ಲ, ಕಡು ವೈರಿ ಕಾಪಾಡಿದ್ದಾನೆ, ಥೂ. ಕೈ ಸೊಂಟಕ್ಕೆ ಹೋಯಿತು, ಕೀಲಿಕೈ ನೆರಿಗೆಗೆ ಸಿಕ್ಕಿಕೊಂಡು ಬರಲಿಲ್ಲ, ಅವನೆದುರಿಗೇ ನೆರಿಗೆ ಸಡಿಲಿಸಿ ತೆಗೆಯಬೇಕಾಯಿತು, ಮುದುಕ ಮುಖ ಆಚೆ ತಿರುಗಿಸಿಕೊಂಡ. ಬೀರು ಕಿರ್ರೆಂದಿತು. ಚೀಲ ತೆಗೆದಳು, ಪರ್ಸಿನಿಂದ ಪಾಸು ತೆಗೆದು ಮೇಲಿಟ್ಟಳು, ಅದೂ ಅವನಿಗೆ ಕಂಡಿತು. ಅವನು ಎರಡೂ ಅಂಗೈ ಚಾಚಿದ, ವಸ್ತ್ರದ ಗಂಟು ಮುಟ್ಟಿ ನೋಡಿದ, ಒಳಗಿನದನ್ನು ಬಿಚ್ಚಿದಿಯೇನು ಎಂದು ಕೇಳಲಿಲ್ಲ, ಅವಳೇ ಹೇಳಿದಳು, ಬಿಚ್ಚಿಲ್ರಿ, ಮುಟ್ಟಿಲ್ಲ. ಗೊತ್ತೈತಿ, ಎಂದ, ಕಣ್ಣಿಗೆ ಒತ್ತಿಕೊಂಡ, ನಲ್ಲಿ ಇರುವ ಕಡೆಗೆ ಗೋಡೆ ಹಿಡಿದು ಹೊರಟ, ನೀರಿನ ಸದ್ದು ಬಂತು, ಫೋನಿನಲ್ಲಿ ಸಿಕ್ಕತು ಎನ್ನುವುದು ಕೇಳಿಸಿತು, ಕುಡಿ ಇನ್ನ.

ಅವಳು ಬಿದ್ದ ಕುರ್ಚಿ ಎತ್ತಲಿಲ್ಲ, ಬೀರುವಿಗೆ ಆನಿಕೊಂಡು ನಿಂತಳು, ಕಬ್ಬಿಣ ಬೆನ್ನಿಗೆ ಬಿಸಿ. ಬೆಂಚು ಖಾಲಿ. ಮುದುಕನ ಕೈಯನ್ನು ಬೆಳಗಿನಿಂದ ನೋಡಿದ್ದಾಳೆ, ಹುಡುಕುವ ಕೈ ಹೇಗಿರುತ್ತದೆ ಎಂದು ಈಗ ಅವಳಿಗೆ ಗೊತ್ತು, ಬೆರಳು ನಿಲ್ಲುವುದಿಲ್ಲ, ತಡಕುತ್ತವೆ, ಸಿಗದಿದ್ದರೆ ಬೀಳುತ್ತವೆ. ಪಂಪಣ್ಣನ ಬೆರಳು ಆಡುತ್ತಿರಲಿಲ್ಲ. ಯಾವತ್ತೂ ಆಡಿದ್ದಿಲ್ಲ, ಏಳು ತಿಂಗಳಲ್ಲಿ ಒಂದು ಸಲವೂ — ಉಣ್ಣುವಾಗ ಎಡಗೈ ಎದೆಯ ಮೇಲೆ, ಅಂಗೈ ಚಪ್ಪಟೆ, ಬೆರಳು ಕೂಡಿಸಿ, ಕಟ್ಟೆಯ ಮೇಲೆ ಒಬ್ಬನೇ ಕೂತಾಗ ತೊಡೆಯ ಮೇಲಿದ್ದ ಕೈ ಅವಳು ಹೊಸ್ತಿಲು ದಾಟಿ ಬಂದ ಕೂಡಲೇ ಮೇಲೆ ಹೋಗುತ್ತಿತ್ತು, ಯಾಕೆ ಸುಮ್ಮನಿದ್ದೀ ಎಂದರೆ ಇನ್ನಷ್ಟು ಒತ್ತುತ್ತಿತ್ತು, ಬಿಲ್ಲೆ ಹುಡುಕುತ್ತಿದ್ದಾನೆ ಎಂದು ಅವಳು ಅಂದುಕೊಂಡಿದ್ದಳು, ಹುಡುಕುವವನ ಕೈಯಲ್ಲ ಅದು, ಬಿಲ್ಲೆ ಹೋದ ಜಾಗ ಮುಚ್ಚಿಕೊಂಡವನ ಕೈ, ಅವಳಿಂದಲೇ, ಅವಳಿಗಾಗಿಯೇ — ಅವಳು ಬರುತ್ತಾಳೆ, ಕೈ ಎದೆಯ ಮೇಲೆ ಹೋಗುತ್ತದೆ. ಚಹಾ ಕೊಡುತ್ತಾಳೆ, ಕೈ ಎದೆಯ ಮೇಲೆ. ಯಾಕೆ ಎನ್ನುತ್ತಾಳೆ. ಕೈ ಎದೆಯ ಮೇಲೆ.